ಹೊರದೇಶದ ಮಗುವಿನ ಚಿಕಿತ್ಸೆಗೆ ಕುಮಟಾದಿಂದ ಹಣ ಕಳಿಸುವ ಬಗೆ: ನನ್ನ ಅನುಭವ

ಸೊಟ್ಟ ಪಾದದ ಚಿಕಿತ್ಸೆಯಲ್ಲಿ ಬಳಸುವ ಪೋನ್ಸೆಟಿ ಬ್ರೇಸ್ ಎಂದರೆ ಎರಡು ಪುಟ್ಟ ಬೂಟು, ನಡುವೆ ಒಂದು ಪಟ್ಟಿ. ಪಟ್ಟಿ ಮಗುವಿನ ಭುಜದಷ್ಟು ಅಗಲ. ಬೂಟುಗಳನ್ನು ಹೊರಮುಖವಾಗಿ ತಿರುಗಿಸಿ ಅದಕ್ಕೆ ಕೂರಿಸಿರುತ್ತಾರೆ: ತಿರುಚಿದ್ದ ಪಾದದ್ದು 60ರಿಂದ 70 ಡಿಗ್ರಿ, ಸರಿಯಿರುವ ಪಾದದ್ದು 30ರಿಂದ 40 ಡಿಗ್ರಿ. ಹುಟ್ಟುವಾಗಲೇ ಪಾದ ಒಳಕ್ಕೆ ಸೊಟ್ಟಗಾಗಿದ್ದ ಮಗುವಿಗೆ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಹಾಕುತ್ತಾರೆ. ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಸಣ್ಣದಾಗಿ ಕತ್ತರಿಸಿ, ಮೂರು ವಾರ ಕೊನೆಯ ಪ್ಲಾಸ್ಟರ್ ಬಿಡುತ್ತಾರೆ. ಬ್ರೇಸ್ ಬರುವುದು ಅದಾದ ಮೇಲೆ. ಮೂರು ತಿಂಗಳು ದಿನಕ್ಕೆ 23 ತಾಸು, ನಂತರ ನಾಲ್ಕೈದು ವರ್ಷ ತುಂಬುವವರೆಗೂ ಮಲಗುವಾಗ ಹಾಕಬೇಕು.

ಹೊರದೇಶದ ಬಡ ಮಕ್ಕಳ ಚಿಕಿತ್ಸೆಗೆ ಹಣ ಕಳಿಸುವ ನಮ್ಮ ಗುಂಪಿಗೆ ಹೊಸದಾಗಿ ಸೇರುವವರಿಗೆ ಮೊದಲು ಇದನ್ನೇ ವಿವರಿಸುತ್ತೇವೆ. ಪ್ಲಾಸ್ಟರಿಗೆ ದುಡ್ಡು ಕೊಡುವವರು ಸಿಗುತ್ತಾರೆ, ಏಕೆಂದರೆ ಸೊಟ್ಟ ಪಾದ ನೆಟ್ಟಗಾಗುವುದು ಕಣ್ಣಿಗೆ ಕಾಣುತ್ತದೆ. ಮಗು ಬೆಳೆದಂತೆ ಬೇಕಾಗುವ ಎರಡನೇ ಅಳತೆಯ ಬೂಟು, ಮೂರನೇ ಅಳತೆಯ ಬೂಟು, ತಾಯಿ ಆಸ್ಪತ್ರೆಗೆ ಬಂದುಹೋಗುವ ಬಸ್ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ರೇಸ್ ನಿಂತರೆ ಪಾದ ಮತ್ತೆ ಒಳಕ್ಕೆ ತಿರುಗುತ್ತದೆ. ಕೊಟ್ಟ ಹಣವೂ ಹೋಯಿತು, ಮಗುವಿನ ಒಂದು ವರ್ಷವೂ ಹೋಯಿತು.

ಆದ್ದರಿಂದ ಆಸ್ಪತ್ರೆಯನ್ನೋ ಸಂಸ್ಥೆಯನ್ನೋ ಆರಿಸುವಾಗ ನಾವು ಇಮೇಲ್‌ನಲ್ಲಿ ಕೇಳುವುದು ನಾಲ್ಕೇ ಪ್ರಶ್ನೆ. ನೀವು ಹೇಳಿದ ಮೊತ್ತದಲ್ಲಿ ಮುಂದಿನ ಭೇಟಿಗಳು ಸೇರಿವೆಯೇ? ತಾಯಿ ಮತ್ತು ಮಗುವಿನ ಪ್ರಯಾಣದ ವೆಚ್ಚ ಯಾರದು? ತೊಡಕಾಗಿ ಮತ್ತೆ ಆಪರೇಶನ್ ಬೇಕಾದರೆ ಏನು ವ್ಯವಸ್ಥೆ? ಬರುವುದು ನಿಲ್ಲಿಸಿದ ತಾಯಂದಿರಿಗೆ ಫೋನ್ ಮಾಡುವವರು ಯಾರು? ಉತ್ತರ ಬಾರದ ಕಡೆಗೆ ಹಣ ಕಳಿಸುವುದಿಲ್ಲ. ಕೊನೆಯ ಪ್ರಶ್ನೆಗೆ ಒಬ್ಬ ಸಿಬ್ಬಂದಿಯನ್ನು ತೋರಿಸಿ ಉತ್ತರಿಸಿದ ಆಸ್ಪತ್ರೆಗೆ ನಮ್ಮ ಮೊದಲ ಆದ್ಯತೆ. ಲೆಕ್ಕಪತ್ರದಲ್ಲಿ ಆ ಸಿಬ್ಬಂದಿಯ ಸಂಬಳ ಹಲವು ಸಲ ಆಡಳಿತ ವೆಚ್ಚ ಎಂದೇ ಬರುತ್ತದೆ. ಆಡಳಿತ ವೆಚ್ಚ ಕಡಿಮೆ ಇದ್ದಷ್ಟೂ ಸಂಸ್ಥೆ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ತಲೆಯಲ್ಲಿ ನೀರು ತುಂಬುವ ಹೈಡ್ರೊಸೆಫಾಲಸ್‌ಗೆ ಕೊಡುವವರು ಇನ್ನೂ ಎಚ್ಚರದಿಂದಿರಬೇಕು. ಸಾಮಾನ್ಯವಾಗಿ ಶಂಟ್ ಎಂಬ ಸಣ್ಣ ಕೊಳವೆಯನ್ನು ತಲೆಯಿಂದ ಹೊಟ್ಟೆಗೆ ಇಳಿಸುತ್ತಾರೆ. ಅದು ಕಟ್ಟಿಕೊಳ್ಳಬಹುದು, ಸೋಂಕು ತಗಲಬಹುದು. ಆಸ್ಪತ್ರೆ ಒಂದು ದಿನದ ದಾರಿಯಾದರೆ ಮಗು ಉಳಿಯುವುದು ಕಷ್ಟ. ಉಗಾಂಡಾದ ಎಂಬಾಲೆ ಊರಿನ ಕ್ಯೂರ್ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಬೆಂಜಮಿನ್ ವಾರ್ಫ್ ಅವರು ಎಂಡೊಸ್ಕೋಪ್‌ನಿಂದ ತಲೆಯೊಳಗೇ ನೀರು ಹರಿಯಲು ದಾರಿ ಮಾಡಿ, ನೀರು ಉತ್ಪತ್ತಿಯಾಗುವ ಅಂಗಾಂಶವನ್ನೂ ಸುಡುವ ವಿಧಾನವನ್ನು ಬೆಳೆಸಿದ್ದು ಇದಕ್ಕಾಗಿಯೇ. ಎಷ್ಟೋ ಶಿಶುಗಳಿಗೆ ಅದರಿಂದ ಶಂಟ್ ಬೇಕಾಗುವುದೇ ಇಲ್ಲ. ಶಂಟ್ ಹಾಕುವ ಆಸ್ಪತ್ರೆಯಾದರೆ ಮರು ಆಪರೇಶನ್ನಿನ ಲೆಕ್ಕ ಕೇಳಿಯೇ ಕೊಡಿ.

ಸೀಳು ತುಟಿಯ ವಿಷಯ ಇದಕ್ಕಿಂತ ಸರಳ. 1999ರಲ್ಲಿ ಆರಂಭವಾದ ಸ್ಮೈಲ್ ಟ್ರೈನ್ ಎಂಬ ಸಂಸ್ಥೆ ಆಯಾ ದೇಶದ ವೈದ್ಯರಿಗೇ ತರಬೇತಿ ಮತ್ತು ಹಣ ಕೊಡುತ್ತದೆ. ಹೊರಗಿನ ತಂಡ ಬಂದು ವಾರವಿದ್ದು ಹೋಗುವುದಕ್ಕಿಂತ ಇದು ಮೇಲು. ಅಂಗುಳವೂ ಸೀಳಿದ್ದರೆ ಮಾತಿನ ತರಬೇತಿ ಇದೆಯೇ ಎಂದು ಕೇಳಿಕೊಳ್ಳಿ.

ಇನ್ನು ಹಣ ಕಳಿಸುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲ ತಪ್ಪು, ಎಲ್ಲರ ಹಣವನ್ನೂ ಸಂಘದ ಖಾತೆಯಲ್ಲಿ ಕೂಡಿಸಿ ಕಳಿಸಲು ಹೊರಡುವುದು. ಹೊರದೇಶಕ್ಕೆ ಹಣ ಕಳಿಸಲು ಅವಕಾಶ ಕೊಡುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ ವ್ಯಕ್ತಿಗಳಿಗೆ ಮಾತ್ರ. ಒಬ್ಬರಿಗೆ ವರ್ಷಕ್ಕೆ 2,50,000 ಡಾಲರಿನ ಮಿತಿ. ಟ್ರಸ್ಟ್, ಪಾಲುದಾರಿಕೆ ಸಂಸ್ಥೆ, ಅವಿಭಕ್ತ ಕುಟುಂಬದ ಖಾತೆಗಳಿಗೆ ಅದು ಅನ್ವಯಿಸುವುದಿಲ್ಲ. ತೆರಿಗೆ ವಿನಾಯಿತಿಯ ನೋಂದಣಿ ಇರುವ ಟ್ರಸ್ಟ್ ದೇಶದ ಹೊರಗೆ ಖರ್ಚು ಮಾಡಿದರೆ ಆದಾಯ ತೆರಿಗೆಯ ತಕರಾರು ಬೇರೆ. ಆದ್ದರಿಂದ ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಲ್ಲೇ ಆರ್‌.ಡಿ. ಕಟ್ಟಿ, ತಮ್ಮ ಖಾತೆಯಿಂದಲೇ ಕಳಿಸುತ್ತಾರೆ. ಶಿರಸಿ ಕಡೆಯವರು ಅಡಿಕೆ ವ್ಯಾಪಾರವಾದ ಮೇಲೆ ಒಮ್ಮೆಗೇ ಹಾಕುತ್ತಾರೆ. ಬೋಟ್ ಇರುವವರ ಕಂತನ್ನು ಜೂನ್, ಜುಲೈನಲ್ಲಿ ಕೇಳುವುದಿಲ್ಲ, ಆ ಎರಡು ತಿಂಗಳು ಯಾಂತ್ರೀಕೃತ ಮೀನುಗಾರಿಕೆ ಬಂದ್.

ಎರಡನೆಯದು, ಸಣ್ಣ ಮೊತ್ತವನ್ನು ಬ್ಯಾಂಕ್ ಮೂಲಕ ಕಳಿಸುವುದು. ಬ್ಯಾಂಕಿನ ಶುಲ್ಕ, ಸ್ವಿಫ್ಟ್ (ಬ್ಯಾಂಕುಗಳ ನಡುವಿನ ಅಂತರರಾಷ್ಟ್ರೀಯ ಸಂದೇಶ ವ್ಯವಸ್ಥೆ) ಶುಲ್ಕ ಸೇರಿ 1,000 ರೂಪಾಯಿ, ಅದಕ್ಕೆ ಜಿಎಸ್‌ಟಿ 180, ಕರೆನ್ಸಿ ಬದಲಾವಣೆಗೆ ಜಿಎಸ್‌ಟಿ ಕನಿಷ್ಠ 45, ನಡುವಿನ ಬ್ಯಾಂಕ್ ಹಿಡಿಯುವುದು 20 ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ 85 ಹಿಡಿದರೂ 2,925 ರೂಪಾಯಿ ಆಯಿತು. 3,000 ಕಳಿಸಿದರೆ ಉಳಿಯುವುದು 75! ಅದೇ 1 ಲಕ್ಷಕ್ಕೆ ಖರ್ಚು 3,060ರಷ್ಟೇ. ಕಾರ್ಡಿಗೆ 3.5% ಮಾರ್ಕಪ್ (ಹೊರದೇಶದ ಪಾವತಿಗೆ ಬ್ಯಾಂಕ್ ಸೇರಿಸುವ ಶುಲ್ಕ), ಅದರ ಮೇಲೆ ಜಿಎಸ್‌ಟಿ ಸೇರಿ 4.13% ಬೀಳುತ್ತದೆ, 3,000ಕ್ಕೆ 124 ರೂಪಾಯಿ. ಬ್ಯಾಂಕುಗಳ ದರ ಬೇರೆಬೇರೆಯಾದರೂ ಸುಮಾರು 70,000ದ ಒಳಗೆ ಕಾರ್ಡ್, ಮೇಲಾದರೆ ಬ್ಯಾಂಕ್ ಎಂದು ನಾವು ಗೆರೆ ಹಾಕಿಕೊಂಡಿದ್ದೇವೆ.

ಕಾರ್ಡಿನಲ್ಲಿ ಕೊಡುವವರು ಮೊದಲು ಬ್ಯಾಂಕಿನ ಆಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಆನ್ ಮಾಡಬೇಕು. 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಹಣ ಹೋದ ಕೂಡಲೇ ಮತ್ತೆ ಆಫ್ ಮಾಡಿ. ತಿಂಗಳು ತಿಂಗಳೂ ತಾನೇ ಕಡಿತವಾಗಲಿ ಎಂದು ಒಪ್ಪಿಗೆ ಕೊಟ್ಟರೆ ನಮ್ಮ ಕಾರ್ಡುಗಳಲ್ಲಿ ಬಹಳ ಸಲ ವಿಫಲವಾಗುತ್ತದೆ, 2021ರ ಅಕ್ಟೋಬರಿನಿಂದ ಇ-ಮ್ಯಾಂಡೇಟ್ ನಿಯಮ ಬಿಗಿಯಾಗಿದೆ. ಸಣ್ಣ ಮೊತ್ತಕ್ಕೆ ವಾಟ್ಸಿ ಎಂಬ ದಾನದ ಜಾಲತಾಣ ಅನುಕೂಲ. 2012ರಲ್ಲಿ ಶುರುವಾದ ಇದರಲ್ಲಿ ಒಬ್ಬೊಬ್ಬ ರೋಗಿಯ ಖರ್ಚನ್ನೂ ತೋರಿಸುತ್ತಾರೆ, 5 ಡಾಲರಿನಿಂದಲೂ ಕೊಡಬಹುದು. ಯಾವ ತಾಣದಲ್ಲೇ ಆಗಲಿ, ಪಾವತಿಗೆ ಮುಂಚೆ ಟಿಪ್ ಎಂಬ ಚೌಕದಲ್ಲಿ ಎಷ್ಟಿದೆ ಎಂದು ನೋಡಿ. ಅದು ಮಗುವಿಗೆ ಹೋಗುವ ಹಣವಲ್ಲ.

ಬ್ಯಾಂಕಿಗೆ ಹೋಗುವಾಗ ಪ್ಯಾನ್, ಫಲಾನುಭವಿಯ ವಿಳಾಸ, ಖಾತೆ ಸಂಖ್ಯೆ, 8 ಅಥವಾ 11 ಅಕ್ಷರದ ಸ್ವಿಫ್ಟ್ ಕೋಡ್ ಕೈಯಲ್ಲಿರಲಿ. ಬ್ರಿಟನ್ ಆದರೆ ಐಬಿಎಎನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ ಕೇಳುತ್ತಾರೆ, ಅಮೆರಿಕ ಆದರೆ ಬ್ಯಾಂಕನ್ನು ಗುರುತಿಸುವ 9 ಅಂಕಿಯ ರೂಟಿಂಗ್ ಸಂಖ್ಯೆ. ಹೊರದೇಶಕ್ಕೆ ಹಣ ಕಳಿಸಲು ತುಂಬುವ ಎ2 ಅರ್ಜಿಯಲ್ಲಿ ಉದ್ದೇಶದ ಕೋಡ್ ಎಸ್1303, ಹೊರದೇಶದ ಧರ್ಮಾರ್ಥ ಸಂಸ್ಥೆಗೆ ದಾನ ಎಂದು ಅದರ ಅರ್ಥ. ಇದನ್ನು ನಿಮ್ಮ ಕಣ್ಣಿನಿಂದಲೇ ನೋಡಿ ಸಹಿ ಮಾಡಿ. ಒಂದು ಶಾಖೆಯಲ್ಲಿ ಎಸ್1301, ಅಂದರೆ ಕುಟುಂಬ ನಿರ್ವಹಣೆ ಎಂದು ಬರೆದುಬಿಟ್ಟಿದ್ದರು. ಹಣ ವಾಪಸ್ ಬಂತು, ಹೋಗುವಾಗಲೂ ಬರುವಾಗಲೂ ಶುಲ್ಕ ಕಡಿತವಾಗಿ. ಆಸ್ಪತ್ರೆಯ ಬೋರ್ಡಿನ ಹೆಸರೂ ಖಾತೆಯ ಹೆಸರೂ ಬೇರೆಯಾಗಿದ್ದರೂ ಹೀಗೇ ಆಗುತ್ತದೆ, ಖಾತೆ ಟ್ರಸ್ಟಿನ ಹೆಸರಲ್ಲಿರಬಹುದು. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ) ಬೇಕು ಎಂದು ಯಾರಾದರೂ ಹೇಳಿದರೆ ಸಾವಧಾನವಾಗಿ ತಿಳಿಸಿ, ಅದು ಹೊರಗಿನಿಂದ ಒಳಬರುವ ಹಣಕ್ಕೆ. ವರ್ಷದಲ್ಲಿ ಕಳಿಸಿದ ಒಟ್ಟು ಮೊತ್ತ 10 ಲಕ್ಷ ದಾಟಿದರೆ ಬ್ಯಾಂಕಿನಲ್ಲೇ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಮಕ್ಕಳನ್ನು ವಿದೇಶದಲ್ಲಿ ಓದಿಸುತ್ತಿರುವವರು ಆ ಹಣವನ್ನೂ ಸೇರಿಸಿಯೇ ಎಣಿಸಬೇಕು. 80ಜಿ ಎಂದು ಕರೆಯುತ್ತಿದ್ದ, ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಇದಕ್ಕಿಲ್ಲ.

ನಮ್ಮೂರ ಮಕ್ಕಳನ್ನು ಬಿಟ್ಟು ಅಲ್ಲಿಗೆ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಕಾರವಾರದ ಮಗು ಗೋವಾದ ಬಾಂಬೋಳಿಗೆ, ಶಿರಸಿಯ ಮಗು ಹುಬ್ಬಳ್ಳಿಗೆ, ಭಟ್ಕಳದ ಮಗು ಮಣಿಪಾಲಕ್ಕೆ ಹೋಗಬೇಕು. ಆದರೂ ಇಲ್ಲಿ 2013ರಿಂದ ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಆರೋಗ್ಯ ತಪಾಸಣಾ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಷ್ಟೋ ದೇಶಗಳ ಬಡವರಿಗೆ ಈ ಆಸರೆಯೂ ಇಲ್ಲ. ಇಲ್ಲಿನ ಮನೆಗಳನ್ನು ಕಂಗೆಡಿಸುವುದು ಆಪರೇಶನ್ನಿನ ಬಿಲ್ಲಿಗಿಂತ ಹೆಚ್ಚಾಗಿ ಬಸ್ ಚಾರ್ಜು, ಊಟ, ಹೋದ ಕೂಲಿ. ಆ ನಾಲ್ಕು ಪ್ರಶ್ನೆಗಳಲ್ಲಿ ಪ್ರಯಾಣದ ಪ್ರಶ್ನೆ ಸೇರಿದ್ದು ಇಲ್ಲಿ ಕಂಡದ್ದರಿಂದಲೇ. ನಾವು ಕೂಡಿಸುವುದರಲ್ಲಿ ಅರ್ಧವನ್ನು ಇಲ್ಲಿನ ಮಕ್ಕಳ ಪ್ರಯಾಣಕ್ಕೇ ಇಡುತ್ತೇವೆ.

ಮಗುವಿನ ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಆ ತಾಯಿ ಒಪ್ಪಿಗೆ ಕೊಟ್ಟದ್ದು ಚಿಕಿತ್ಸೆಗೆ.

ಹಣ ಕಳಿಸಿದ ದಿನವೇ ಮೊತ್ತ, ನಿಮ್ಮ ಹೆಸರು, ಯಾವ ಚಿಕಿತ್ಸೆಗೆ ಎಂಬುದನ್ನು ಬರೆದು ಸ್ವಿಫ್ಟ್ ಪ್ರತಿಯ ಜೊತೆ ಇಮೇಲ್ ಮಾಡಿ. ಒಂದು ವಾರವಾದರೂ ಜಮಾ ಆಗದಿದ್ದರೆ ಶಾಖೆಯಲ್ಲಿ ಯುಇಟಿಆರ್ ಎಂಬ 36 ಅಕ್ಷರದ ಸಂಖ್ಯೆ ಕೇಳಿ, ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಅದರಿಂದ ತಿಳಿಯುತ್ತದೆ. ಆರು ತಿಂಗಳ ನಂತರ ಇನ್ನೊಂದು ಇಮೇಲ್ ಬರೆಯುತ್ತೇವೆ: ಬ್ರೇಸ್ ಪಡೆದ ಮಕ್ಕಳಲ್ಲಿ ಎಷ್ಟು ಮಂದಿ ಈಗಲೂ ರಾತ್ರಿ ಅದನ್ನು ಹಾಕಿಕೊಂಡು ಮಲಗುತ್ತಿದ್ದಾರೆ, ದೊಡ್ಡ ಅಳತೆಯ ಬೂಟು ಎಷ್ಟು ಜೊತೆ ಬೇಕು. ಮುಂದಿನ ವರ್ಷದ ಕಂತನ್ನು ಆ ಉತ್ತರ ನೋಡಿಕೊಂಡು ನಿಗದಿ ಮಾಡುತ್ತೇವೆ.