ಅಮೆರಿಕದ ಚೈಲ್ಡ್ ಸಪೋರ್ಟ್: ಸಂಬಳ ನಿಂತ ವಾರವೇ ಕೋರ್ಟಿಗೆ ಅರ್ಜಿ ಹಾಕಿ

ಕೊಡಗಿನಿಂದ ಅಮೆರಿಕಕ್ಕೆ ಹೋಗಿ, ಅಲ್ಲಿ ಮದುವೆ ಮುರಿದು, ಮಕ್ಕಳ ಖರ್ಚಿನ ವಿಷಯಕ್ಕೆ ಕೋರ್ಟು ಹತ್ತಿದವರು ಈಗ ಅಪರೂಪ ಅಲ್ಲ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ ಕಡೆಯ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೀಗಾಗಿ ಒಬ್ಬರಿಗೆ ಆದ ನಷ್ಟ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ, ಮುಂದಿನವರು ಹೋಗಿ ಅದೇ ಗುಂಡಿಗೆ ಬೀಳುತ್ತಾರೆ. ನಾನು ಕ್ಯಾಲಿಫೋರ್ನಿಯಾದಲ್ಲಿದ್ದಾಗ ಈ ವ್ಯವಸ್ಥೆಯನ್ನು ಒಳಗಿನಿಂದ ನೋಡಿದವನು. ಈಗ ಗೋಣಿಕೊಪ್ಪದ ಹತ್ತಿರ ತೋಟ ನೋಡಿಕೊಂಡಿದ್ದೇನೆ. ಊರಿನ ಹುಡುಗರು ಅಲ್ಲಿಂದ ಫೋನ್ ಮಾಡುತ್ತಾರೆ, ಆದರೆ ಹೆಚ್ಚಿನವರು ಮಾಡುವುದು ತಡವಾದ ಮೇಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಿಚ್ಛೇದನ ಹೇಗೆ, ಮಗು ಯಾರ ಹತ್ತಿರ ಇರಬೇಕು ಎಂಬುದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಮಗುವಿನ ಖರ್ಚಿಗೆ ಅಪ್ಪ ಅಥವಾ ಅಮ್ಮ ಕೋರ್ಟ್ ಆದೇಶದಂತೆ ಇನ್ನೊಬ್ಬರಿಗೆ ತಿಂಗಳು ತಿಂಗಳು ಕೊಡಬೇಕಾದ ಹಣದ, ಅಂದರೆ ಚೈಲ್ಡ್ ಸಪೋರ್ಟ್‌ನ ಮಾತು ಮಾತ್ರ.

ಮೊದಲು ಮೊತ್ತದ ವಿಷಯ. ಇಡೀ ಅಮೆರಿಕಕ್ಕೆ ಒಂದೇ ಲೆಕ್ಕ ಇಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ಸೂತ್ರ ಇದೆ. ಟೆಕ್ಸಾಸ್‌ನಲ್ಲಿ ಕೊಡುವವರ ನಿವ್ವಳ ಆದಾಯದಲ್ಲಿ ಒಂದು ಮಗುವಿಗೆ ಶೇ. 20, ಇಬ್ಬರಿಗೆ ಶೇ. 25, ಅದಕ್ಕೊಂದು ಮೇಲ್ಮಿತಿ. ಹೆಚ್ಚಿನ ರಾಜ್ಯಗಳಲ್ಲಿ ಅಪ್ಪ ಅಮ್ಮ ಇಬ್ಬರ ಆದಾಯವನ್ನೂ ಸೇರಿಸಿ ಪಾಲು ಹಾಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದರ ಜೊತೆಗೆ ಮಗು ಯಾರ ಹತ್ತಿರ ಎಷ್ಟು ಸಮಯ ಇರುತ್ತದೆ ಎಂಬುದೂ ಸೂತ್ರದೊಳಗೇ ಬರುತ್ತದೆ. ಜಡ್ಜ್ ಸಾಮಾನ್ಯವಾಗಿ ಸೂತ್ರ ಕೊಟ್ಟ ಮೊತ್ತವನ್ನೇ ಬರೆಯುತ್ತಾರೆ. ಬೇರೆ ಮೊತ್ತ ಬರೆದರೆ ಅದಕ್ಕೆ ಕಾರಣ ಹೇಳಬೇಕು. 1988ರ ಕೇಂದ್ರ ಕಾನೂನಿನಿಂದ ಬಂದ ನಿಯಮ ಇದು.

ನಮ್ಮಲ್ಲಿ ಹಾಗಲ್ಲ ಅಲ್ವಾ. ಮಡಿಕೇರಿ ಕೋರ್ಟಿನಲ್ಲಿ ಜೀವನಾಂಶ ಕೇಳಿದರೆ ಸೂತ್ರ ಅಂತ ಒಂದಿಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಎನ್ನುತ್ತಿದ್ದೆವು, 2024ರ ಜುಲೈ 1ರಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಎಷ್ಟು ಎಂಬುದು ಜಡ್ಜ್ ಅಂದಾಜಿಗೆ ಬಿಟ್ಟಿದ್ದು. 2020ರಲ್ಲಿ ಸುಪ್ರೀಂ ಕೋರ್ಟು ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಕೊಡಬೇಕು, ಹಣವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು ಎಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಆದರೂ ಮೊತ್ತ ನಿಗದಿ ಮಾಡುವ ಮಟ್ಟಿಗೆ ಅಮೆರಿಕದ ಸೂತ್ರವೇ ಒಳ್ಳೆಯದು ಎಂದು ನನ್ನ ಗಟ್ಟಿ ಅಭಿಪ್ರಾಯ. ಮಗುವಿಗೆ ಏನು ಸಿಗುತ್ತದೆ ಎಂದು ಕ್ಯಾಲ್ಕುಲೇಟರ್‌ನಲ್ಲಿ ಮನೆಯಲ್ಲೇ ನೋಡಬಹುದು. ವಕೀಲರ ಮಾತಿನ ಚಾತುರ್ಯದ ಮೇಲೆ ಮಗುವಿನ ಊಟ ಅವಲಂಬಿಸಿರುವುದಿಲ್ಲ.

ಕೊಡಗಿನವರಿಗೆ ಇಲ್ಲಿ ಒಂದು ವಿಶೇಷ ಸಮಸ್ಯೆ ಇದೆ. ಅದು ತೋಟ. ಕ್ಯಾಲಿಫೋರ್ನಿಯಾದಲ್ಲಿ ಎಫ್‌ಎಲ್-150 ಎಂಬ ಆದಾಯ ಮತ್ತು ಖರ್ಚಿನ ಫಾರಂ ತುಂಬಬೇಕು. ಸುಳ್ಳು ಬರೆದರೆ ಶಿಕ್ಷೆ ಇದೆ ಎಂದು ಒಪ್ಪಿ ಸಹಿ ಹಾಕಬೇಕು. ಕಾಫಿ, ಕರಿಮೆಣಸಿನ ಹಣಕ್ಕೆ ಊರಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತಿಲ್ಲವಲ್ಲ, ಹಾಗಾಗಿ ಅದು ಆದಾಯವೇ ಅಲ್ಲ ಎಂದುಕೊಂಡು ಬಹಳ ಜನ ಆ ಜಾಗ ಖಾಲಿ ಬಿಡುತ್ತಾರೆ. ಅಲ್ಲಿ ಹಾಗೆ ನೋಡುವುದಿಲ್ಲ. ಜಗತ್ತಿನ ಎಲ್ಲಿಂದ ಬಂದರೂ ಆದಾಯ ಆದಾಯವೇ. ಮುಚ್ಚಿಡಲೂ ಆಗುವುದಿಲ್ಲ. ಭೂಮಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಆರ್‌ಟಿಸಿ ನೋಡಬಹುದು.

ಆ ಆರ್‌ಟಿಸಿಯಿಂದಲೇ ಇನ್ನೊಂದು ತೊಂದರೆ ಬರುತ್ತದೆ. ಜಮ್ಮಾ ಜಾಗವಾದರೆ (ಕೊಡಗಿನ ವಂಶಪಾರಂಪರ್ಯದ ಜಮೀನು) ಅದರಲ್ಲಿ ಪಟ್ಟೆದಾರರ ಅಂದರೆ ಒಕ್ಕದ ಯಜಮಾನರ ಹೆಸರು, ಒಕ್ಕದ (ಒಂದೇ ಮೂಲದ ದೊಡ್ಡ ಕುಟುಂಬದ) ಹತ್ತಾರು ಜನರ ಹೆಸರು ಇರುತ್ತದೆ. ನಿಮ್ಮ ಹೆಸರೂ ಇದ್ದರೆ ಎದುರಿನ ವಕೀಲರಿಗೆ ಇಡೀ ತೋಟ ನಿಮ್ಮದೇ ಎಂಬಂತೆ ಕಾಣಬಹುದು. ಒಕ್ಕ ಎಂದರೇನು, ಪಾಲು ಹೇಗೆ ಎಂಬುದು ಆ ಜಡ್ಜ್‌ಗೆ ಗೊತ್ತಿರುವುದಿಲ್ಲ. ನಿಮ್ಮ ಪಾಲು ಎಷ್ಟು, ಸ್ವಾಧೀನಾನುಭವದಲ್ಲಿ ಯಾರಿದ್ದಾರೆ, ನಿಮ್ಮ ಕೈಗೆ ವರ್ಷಕ್ಕೆ ನಿಜವಾಗಿ ಎಷ್ಟು ಬಂತು ಎಂಬ ಕಾಗದ ನೀವೇ ಕೊಡಬೇಕು. ಒಂದೇ ವರ್ಷದ ಲೆಕ್ಕ ಕೊಡಬೇಡಿ. 2024ರಲ್ಲಿ, 2025ರ ಶುರುವಿನಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು. ಆ ಒಂದು ಬೆಳೆಯನ್ನು ಹಿಡಿದು ಲೆಕ್ಕ ಹಾಕಿದರೆ ಮುಂದಿನ ವರ್ಷ ಹೂಮಳೆ ಕೈಕೊಟ್ಟಾಗ ನೀವು ಸಿಕ್ಕಿಬೀಳುತ್ತೀರಿ. ಏರಿಳಿತ ಇರುವ ಆದಾಯಕ್ಕೆ ಸರಾಸರಿ ತೆಗೆದುಕೊಳ್ಳಿ ಎಂದು ಕೇಳಬಹುದು. ಆದರೆ ಕೂಲಿ, ಗೊಬ್ಬರ, ಸ್ಪ್ರೇ ಖರ್ಚು ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ಬರೀ ಮಾರಾಟದ ಚೀಟಿಯೇ ಮಾತಾಡುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೇರೆ ಎಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಒಮ್ಮೆ ಆದೇಶ ಆದ ಮೇಲೆ, ಇನ್ನೊಂದು ಆದೇಶ ಆಗುವವರೆಗೆ ಪ್ರತಿ ತಿಂಗಳೂ ಅಷ್ಟೇ ಮೊತ್ತ ಸಾಲವಾಗಿ ಏರುತ್ತದೆ. ಕೆಲಸ ಹೋದರೂ ಏರುತ್ತದೆ. ಕಾಯಿಲೆ ಬಿದ್ದರೂ ಏರುತ್ತದೆ. ಅಮೆರಿಕ ಬಿಟ್ಟು ಕುಶಾಲನಗರಕ್ಕೆ ಬಂದು ಕುಳಿತರೂ ಏರುತ್ತದೆ. ಬಾಕಿ ಆದ ಹಣವನ್ನು ಹಿಂದಕ್ಕೆ ಹೋಗಿ ಕಡಿಮೆ ಮಾಡುವ ಅಧಿಕಾರ ಯಾವ ಜಡ್ಜ್‌ಗೂ ಇಲ್ಲ. 1986ರಲ್ಲಿ ಬಂದ ಬ್ರಾಡ್ಲಿ ತಿದ್ದುಪಡಿ ಎಂಬ ಕೇಂದ್ರ ಕಾನೂನು ಆ ಬಾಗಿಲು ಮುಚ್ಚಿದೆ. ಬದಲಾವಣೆಗೆ ನೀವು ಹಾಕಿದ ಅರ್ಜಿಯ ನೋಟಿಸ್ ಇನ್ನೊಬ್ಬರಿಗೆ ಮುಟ್ಟಿತಲ್ಲ, ಹೆಚ್ಚೆಂದರೆ ಆ ದಿನದವರೆಗೆ ಮಾತ್ರ ಕೋರ್ಟು ಹಿಂದಕ್ಕೆ ಹೋಗಬಹುದು. ಅದಕ್ಕಿಂತ ಹಿಂದಿನದು ಹಿಂದಿನದೇ.

ಸಿದ್ದಾಪುರ ಕಡೆಯ ನನ್ನ ಪರಿಚಯದ ಒಬ್ಬ ಹುಡುಗನ ಕಥೆ ಕೇಳಿ. ಕಂಪನಿಯಲ್ಲಿ ಲೇಆಫ್ ಆಯಿತು. ಎಚ್-1ಬಿ ವೀಸಾದವರಿಗೆ ಆಮೇಲೆ ಹೆಚ್ಚೆಂದರೆ 60 ದಿನ ಸಮಯ. ಅಷ್ಟರೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲ ಊರಿಗೆ ಹೊರಡಬೇಕು. ಆ ದಿನಗಳಲ್ಲಿ ಅವನ ತಲೆಯಲ್ಲಿದ್ದದ್ದು ವೀಸಾ ಒಂದೇ. ಮಗುವಿನ ತಾಯಿಗೆ ಫೋನ್ ಮಾಡಿ ಕಷ್ಟ ಹೇಳಿಕೊಂಡ. ಸದ್ಯಕ್ಕೆ ಆದಷ್ಟು ಕಳಿಸಿ ಎಂದು ಆಕೆಯೂ ಒಪ್ಪಿದಳು. ಊರಲ್ಲಿ ಎರಡು ಕಡೆಯ ಹಿರಿಯರು ಐನ್‌ಮನೆಯಲ್ಲಿ (ಒಕ್ಕದ ಮೂಲಮನೆ) ಕೂತು ಅದೇ ಸರಿ ಎಂದರು. ಅವನು ಕಡಿಮೆ ಹಣ ಕಳಿಸುತ್ತಾ ಹೋದ. ಒಂದು ವರ್ಷ ದಾಟಿದ ಮೇಲೆ ಆಕೆಗೆ ತೊಂದರೆ ಆಯಿತು, ಬಾಕಿ ವಸೂಲಿಗೆ ಅರ್ಜಿ ಹಾಕಿದಳು. "ಅವಳೇ ಒಪ್ಪಿದ್ದಳಲ್ಲ ಅಣ್ಣ, ಮೆಸೇಜ್ ಇದೆ ನನ್ನ ಹತ್ತಿರ" ಎಂದು ಅವನು ನನಗೆ ಫೋನ್ ತೋರಿಸಿದ. ಕೋರ್ಟು ಆ ಮೆಸೇಜಿಗಾಗಿ ಬಾಕಿಯನ್ನು ಒಂದು ಡಾಲರ್ ಕೂಡ ಇಳಿಸಲಿಲ್ಲ. ಆಕೆಯನ್ನು ನಾನು ದೂರುವುದಿಲ್ಲ. ಮಗುವನ್ನು ಒಬ್ಬಳೇ ಸಾಕುತ್ತಿದ್ದಳು, ಬಾಡಿಗೆ ಕಟ್ಟಬೇಕಿತ್ತು.

ಲೆಕ್ಕ ಹೇಗಾಗುತ್ತದೆ ನೋಡಿ. ಆದೇಶ ತಿಂಗಳಿಗೆ 1,800 ಡಾಲರ್ ಎಂದಿಟ್ಟುಕೊಳ್ಳಿ. ಬಾಯಿಮಾತಿನಲ್ಲಿ 600 ಎಂದು ಒಪ್ಪಿದಿರಿ. 14 ತಿಂಗಳಿಗೆ ಬಾಕಿ 16,800 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಬಾಕಿಗೆ ವರ್ಷಕ್ಕೆ ಶೇ. 10 ಬಡ್ಡಿ ಬೇರೆ. ಅಷ್ಟರಲ್ಲೇ ಬಡ್ಡಿ ಸಾವಿರ ಡಾಲರ್ ಹತ್ತಿರ ಬಂದಿರುತ್ತದೆ, ಮತ್ತು ಅಸಲು ತೀರುವ ತನಕ ನಿಲ್ಲುವುದಿಲ್ಲ. ಸಾಲ ಹಳೆಯದಾಯಿತು ಎಂದು ಬಿಟ್ಟುಹೋಗುವುದೂ ಇಲ್ಲ. ನಮ್ಮ ಕಾನೂನಿನಲ್ಲಿ ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕದಿದ್ದರೆ ವಾರಂಟ್ ಸಿಗುವುದಿಲ್ಲ. ಆ ಅಭ್ಯಾಸದಲ್ಲಿ ಯೋಚಿಸಬೇಡಿ. ಮಗು ದೊಡ್ಡದಾಗಿ ಕೆಲಸಕ್ಕೆ ಸೇರಿದರೂ ಅಲ್ಲಿ ಆ ಸಾಲ ಬದುಕಿರುತ್ತದೆ. ದಿವಾಳಿ ಅರ್ಜಿ ಹಾಕಿದರೂ ಹೋಗುವುದಿಲ್ಲ.

ಜನ ಮೋಸಹೋಗುವುದಕ್ಕೆ ಒಂದು ಕಾರಣ ಇದೆ. ಕೆಲಸ ಇದ್ದಾಗ ಹಣ ಸಂಬಳದಿಂದಲೇ ಕಡಿತವಾಗಿ ಹೋಗುತ್ತಿರುತ್ತದೆ. ಕೆಲಸ ಹೋದ ಕೂಡಲೇ ಕಡಿತ ನಿಲ್ಲುತ್ತದೆ. ಕಡಿತ ನಿಂತಿದ್ದನ್ನು ನೋಡಿ ಜವಾಬ್ದಾರಿಯೂ ನಿಂತಿತು ಅನ್ನಿಸಿಬಿಡುತ್ತದೆ.

ಹಾಗಾದರೆ ಏನು ಮಾಡಬೇಕು? ಕ್ಯಾಲಿಫೋರ್ನಿಯಾದಲ್ಲಾದರೆ, ಲೇಆಫ್ ಪತ್ರ ಕೈಗೆ ಬಂದ ವಾರವೇ ಆದೇಶ ಬದಲಿಸಿ ಎಂದು ಕೇಳುವ ಎಫ್‌ಎಲ್-300 ಎಂಬ ಅರ್ಜಿಯನ್ನು ಎಫ್‌ಎಲ್-150 ಜೊತೆ ಕೋರ್ಟಿಗೆ ಹಾಕಿ. ಅದರ ಪ್ರತಿಯನ್ನು 18 ವರ್ಷ ದಾಟಿದ ಬೇರೆ ಯಾರಾದರೂ ಮಗುವಿನ ಇನ್ನೊಬ್ಬ ಪೋಷಕರಿಗೆ ತಲುಪಿಸಬೇಕು, ನೀವೇ ಕೊಡುವಂತಿಲ್ಲ. ತಲುಪಿಸಿದ ದಾಖಲೆಯನ್ನೂ ಕೋರ್ಟಿಗೆ ಹಾಕಿ. ಇಬ್ಬರಿಗೂ ಒಪ್ಪಿಗೆ ಇದ್ದರೆ ಇನ್ನೂ ಸುಲಭ. ಎಫ್‌ಎಲ್-350 ಎಂಬ ಒಪ್ಪಂದದ ಫಾರಂ ತುಂಬಿ ಇಬ್ಬರೂ ಸಹಿ ಮಾಡಿ, ಜಡ್ಜ್ ಸಹಿ ತೆಗೆದುಕೊಳ್ಳಿ. ಜಡ್ಜ್ ಸಹಿ ಬೀಳದ ಒಪ್ಪಂದ ಎಷ್ಟು ಹಿರಿಯರು ಕೂತು ಮಾಡಿದರೂ ಅಲ್ಲಿ ನಡೆಯುವುದಿಲ್ಲ. ನಿಮ್ಮ ಕೇಸು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಚೈಲ್ಡ್ ಸಪೋರ್ಟ್ ಏಜೆನ್ಸಿ ಕೈಯಲ್ಲಿದ್ದರೆ ಅವರ ಸಹಿಯೂ ಬೇಕು. ಏಜೆನ್ಸಿಗೆ ಫೋನ್ ಮಾಡಿ ಹೇಳಿದ್ದೇನೆ ಎಂದು ಸುಮ್ನೆ ಕೂರಬೇಡಿ. ಫೋನ್ ಮಾಡುವುದು ಅರ್ಜಿ ಹಾಕಿದ ಹಾಗಲ್ಲ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕೌಂಟಿ ಕೋರ್ಟಿನಲ್ಲಿ ಫ್ಯಾಮಿಲಿ ಲಾ ಫೆಸಿಲಿಟೇಟರ್ ಇರುತ್ತಾರೆ. ಫಾರಂ ತುಂಬಲು ಪುಕ್ಕಟೆ ಸಹಾಯ ಮಾಡುತ್ತಾರೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ನಮ್ಮವರು ಬಳಸುವುದೇ ಕಡಿಮೆ, ಸಂಕೋಚ ಬಿಡಿ.

ಊರಿಗೆ ವಾಪಸ್ ಬರುವವರಿಗೆ ಒಂದು ಎಚ್ಚರಿಕೆ. ಕೆಲಸ ತಾನಾಗಿ ಹೋಗುವುದು ಬೇರೆ, ನೀವೇ ರಾಜೀನಾಮೆ ಕೊಟ್ಟು ತೋಟಕ್ಕೆ ಬರುವುದು ಬೇರೆ. ಎರಡನೆಯದರಲ್ಲಿ ನೀವು ಸಂಪಾದಿಸಬಹುದಾಗಿದ್ದ ಸಂಬಳವನ್ನೇ ನಿಮ್ಮ ಆದಾಯ ಎಂದು ಕೋರ್ಟು ಹಿಡಿಯಬಹುದು. ಲೇಆಫ್ ಆದವರೂ ಎಲ್ಲೆಲ್ಲಿ ಕೆಲಸಕ್ಕೆ ಅರ್ಜಿ ಹಾಕಿದೆವು ಎಂಬ ದಾಖಲೆ ಇಟ್ಟುಕೊಳ್ಳಬೇಕು. ಮಗು ಅದೇ ರಾಜ್ಯದಲ್ಲಿ ಇರುವವರೆಗೆ ಆದೇಶ ಬದಲಿಸುವ ಅಧಿಕಾರ ಆ ಕೋರ್ಟಿನದೇ. ಮಡಿಕೇರಿಯಲ್ಲಿ ಕೇಸು ಹಾಕಿ ಅದನ್ನು ಇಳಿಸಲಾಗುವುದಿಲ್ಲ. ವೀಡಿಯೊ ಮೂಲಕ ಹಾಜರಾಗಲು ಬಿಡುತ್ತಾರೆಯೇ ಎಂದು ವಿಮಾನ ಹತ್ತುವ ಮೊದಲೇ ಕೋರ್ಟಿನಲ್ಲಿ ಕೇಳಿಕೊಳ್ಳಿ.

ಕೊಡದಿದ್ದರೆ ಏನಾಗುತ್ತದೆ? ಸಂಬಳದ ಕೈಗೆ ಸಿಗುವ ಭಾಗದಲ್ಲಿ ಅರ್ಧದಿಂದ ಶೇ. 65ರವರೆಗೆ ಕಡಿತ ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಟ್ಯಾಕ್ಸ್ ರೀಫಂಡ್ ಹಿಡಿಯುತ್ತಾರೆ. ಡ್ರೈವಿಂಗ್ ಲೈಸೆನ್ಸ್ ನಿಲ್ಲಿಸುತ್ತಾರೆ. ಅಮೆರಿಕದ ಪ್ರಜೆಯಾಗಿದ್ದರೆ ಬಾಕಿ 2,500 ಡಾಲರ್ ದಾಟಿದಾಗ ಪಾಸ್‌ಪೋರ್ಟ್ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದು ಪೌರತ್ವ ಕೇಳುವವರಿಗೆ, ಬೇಕೆಂದೇ ಮಕ್ಕಳಿಗೆ ಹಣ ಕೊಡದೆ ಇದ್ದದ್ದು ನಡತೆಯ ಪ್ರಶ್ನೆಯಾಗಿ ಎದುರು ಬರುತ್ತದೆ. ಕೊನೆಗೆ ಕೋರ್ಟು ನಿಂದನೆಗೆ ಜೈಲೂ ಆಗಬಹುದು. ಮಗುವನ್ನು ನೋಡಲು ಬಿಡುತ್ತಿಲ್ಲ ಎಂದು ಹಣ ನಿಲ್ಲಿಸಬೇಡಿ. ಅವೆರಡೂ ಬೇರೆ ಬೇರೆ ವಿಷಯ. ಕೈಯಲ್ಲಿ ನಗದು ಕೊಡಬೇಡಿ, ರಾಜ್ಯದ ಪಾವತಿ ಕೇಂದ್ರದ ಮೂಲಕವೇ ಕಳಿಸಿ. ಪುತ್ತರಿ ಹಬ್ಬಕ್ಕೆ ಮಗು ಊರಿಗೆ ಬಂದಾಗ ಅಜ್ಜಿಯ ಖಾತೆಗೆ ಹಾಕಿದ ಹಣ ಲೆಕ್ಕಕ್ಕೆ ಬರುವುದಿಲ್ಲ.

ಮಗುವಿನ ಜೊತೆ ಕೊಡಗಿಗೆ ವಾಪಸ್ ಬಂದ ತಾಯಂದಿರೂ ನನ್ನನ್ನು ಕೇಳುತ್ತಾರೆ. ಅಪ್ಪ ಅಮೆರಿಕದಲ್ಲೇ ಇದ್ದರೆ, ಅವರು ಇರುವ ರಾಜ್ಯದ ಕೋರ್ಟಿನಲ್ಲಿ ನೇರವಾಗಿ ಅರ್ಜಿ ಹಾಕುವುದೇ ಹತ್ತಿರದ ದಾರಿ ಎಂದು ನನ್ನ ಸಲಹೆ. ಇಲ್ಲಿ ಆದೇಶ ಸಿಕ್ಕಬಹುದು, ಆದರೆ ಅಲ್ಲಿ ವಸೂಲಿ ಕಷ್ಟ. ಮಕ್ಕಳ ಖರ್ಚಿನ ಕುರಿತ 2007ರ ಹೇಗ್ ಒಪ್ಪಂದದಲ್ಲಿ ಅಮೆರಿಕ ಇದೆ, ಭಾರತ ಇಲ್ಲ. ಅಲ್ಲಿನ ಆದೇಶವನ್ನೂ ಇಲ್ಲಿ ಬ್ರಿಟನ್ನಿನ ಡಿಕ್ರಿಯ ಹಾಗೆ ನೇರವಾಗಿ ಜಾರಿ ಮಾಡಿಸಲಾಗುವುದಿಲ್ಲ, ಹೊಸದಾಗಿ ದಾವೆ ಹೂಡಬೇಕು. ವಸೂಲಿ ವಿಷಯದಲ್ಲಿ ಎರಡು ದೇಶಗಳೂ ಈ ತಾಯಂದಿರ ಕೈಬಿಟ್ಟಿವೆ ಎಂದೇ ನನಗೆ ಅನಿಸುತ್ತದೆ.

ಹಣ ಕೊಡುವುದು ಎಂದಿಗೆ ಮುಗಿಯುತ್ತದೆ ಎಂಬುದೂ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ 18, ಮಗು ಇನ್ನೂ ಹೈಸ್ಕೂಲಿನಲ್ಲಿದ್ದರೆ ಅದು ಮುಗಿಯುವವರೆಗೆ ಅಥವಾ 19 ತುಂಬುವವರೆಗೆ, ಯಾವುದು ಮೊದಲೋ ಅದು. ನ್ಯೂಯಾರ್ಕ್‌ನಲ್ಲಿ 21. ಇಬ್ಬರು ಮಕ್ಕಳಿದ್ದು ದೊಡ್ಡ ಮಗುವಿಗೆ ವಯಸ್ಸು ತುಂಬಿದರೆ ಮೊತ್ತ ತಾನಾಗಿ ಅರ್ಧ ಆಗುತ್ತದೆ ಎಂದು ತಿಳಿಯಬೇಡಿ. ಪ್ರತಿ ಮಗುವಿಗೆ ಎಷ್ಟು ಎಂದು ಆದೇಶದಲ್ಲಿ ಬೇರೆ ಬೇರೆ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಆ ಹುಟ್ಟುಹಬ್ಬಕ್ಕೆ ಮುಂಚೆಯೇ ಇನ್ನೊಂದು ಎಫ್‌ಎಲ್-300 ಹಾಕಿ.