ಅಪ್‌ಡೇಟ್ ಬಂದ ರಾತ್ರಿಯೇ ಒತ್ತಬೇಡಿ: ಬಳ್ಳಾರಿಯಲ್ಲಿ ಐದು ಎಲೆಕ್ಟ್ರಿಕ್ ಕಾರು ಓಡಿಸಿದ ನನ್ನ ಅನುಭವ

ಹದಿನಾಲ್ಕು ತಿಂಗಳಾಯಿತು, ಸಾಫ್ಟ್‌ವೇರ್ ಅಪ್‌ಡೇಟ್‌ನಿಂದಾಗಿ ನನ್ನ ಒಂದು ಗಾಡಿಯೂ ಒಂದು ದಿನ ನಿಂತಿಲ್ಲ. ಅದರ ಹಿಂದಿನ ವರ್ಷ ಮೂರು ಸಲ ನಿಂತಿದ್ದವು. ಅಪ್‌ಡೇಟ್ ಬಂದರೆ ಮೊದಲು ಒಂದೇ ಗಾಡಿಗೆ ಹಾಕಿ ನೋಡೋದು, ಮಿಕ್ಕವನ್ನು 21 ದಿನ ಕಾಯಿಸೋದು, ಇದು ನನ್ನ ಪದ್ಧತಿ. ಇದನ್ನು ಶುರು ಮಾಡಿದಾಗ ಟ್ಯಾಕ್ಸಿ ಸ್ಟ್ಯಾಂಡಿನ ಜೊತೆಯವರು, "ಫೋನಿಗೆ ಮಾಡಿದಂಗ ಒತ್ತಿ ಮಲಗೋದು ಬಿಟ್ಟು ಪಂಚಾಂಗ ನೋಡಿ ಮಾಡ್ತೀಯಲ್ಲೋ" ಅಂದಿದ್ದರು. ಸರ್ವಿಸ್ ಸೆಂಟರಿನವರು, "ಅಷ್ಟೆಲ್ಲ ಬೇಕಾಗಿಲ್ಲ ಸರ್" ಅಂದಿದ್ದರು. ಈಗ ಅದೇ ಸ್ಟ್ಯಾಂಡಿನ ಇಬ್ಬರು ಅಪ್‌ಡೇಟ್ ಮೆಸೇಜ್ ಬಂದ ಕೂಡಲೇ ಮೊದಲು ನನಗೆ ಫೋನ್ ಮಾಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹತ್ತಿರ ಐದು ಗಾಡಿ. ನಾಲ್ಕು ಒಂದೇ ಮಾಡೆಲ್, ಬ್ಯಾಟರಿ ಸುಮಾರು 30 ಯೂನಿಟ್, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್. ಐದನೆಯದು ಬೇರೆ, ಅದರ ವಿಷಯ ಇಲ್ಲಿ ಬೇಡ. ತೋರಣಗಲ್ಲು ಕಡೆ ಪಾಳಿ ಕೆಲಸದವರನ್ನು ಕರೆದೊಯ್ಯೋ ಶಿಫ್ಟ್ ಡ್ಯೂಟಿ, ನಡುವೆ ವಿದ್ಯಾನಗರ ವಿಮಾನ ನಿಲ್ದಾಣ, ಭಾನುವಾರ ಹಂಪಿ. ದಿನಕ್ಕೆ ಒಂದು ಗಾಡಿ 180ರಿಂದ 200 ಕಿಲೋಮೀಟರ್ ಓಡುತ್ತೆ. ಕಂಪನಿ ಹೆಸರು ಬರೆಯಲ್ಲ. ಯಾವ ಕಂಪನಿಯದಾದರೂ ಕಥೆ ಹೆಚ್ಚು ಕಡಿಮೆ ಇದೇ.

ಮೊದಲ ಏಟು ಬಿದ್ದಿದ್ದು ಏಪ್ರಿಲ್‌ನಲ್ಲಿ. ರಾತ್ರಿ ಹನ್ನೊಂದಕ್ಕೆ ಎರಡನೇ ಗಾಡಿಗೆ ಅಪ್‌ಡೇಟ್ ಒತ್ತಿ ಮಲಗಿದೆ. ಬೆಳಗಿನ ನಾಲ್ಕೂವರೆಗೆ ಡ್ರೈವರ್ ಫೋನ್. "ಅಣ್ಣಾ, ಗಾಡಿ ಏಳವಲ್ದು. ಬಾಗಿಲೂ ತೆಗೀವಲ್ದು." ಶೆಡ್ಡಿಗೆ ಓಡಿದೆ. ರಿಮೋಟ್ ಕೀ ಒತ್ತಿದರೆ ಒಂದು ಲೈಟೂ ಮಿಣುಕಲಿಲ್ಲ. ಕೀಲಿಯಿಂದ ಬಾಗಿಲು ತೆಗೆದು ಸ್ಟಾರ್ಟ್ ಬಟನ್ ಒತ್ತಿದರೆ ಡ್ಯಾಶ್ ಒಳಗೆ ಎಲ್ಲೋ ಟಿಕ್ ಟಿಕ್ ಅಂತ ಸಣ್ಣ ಸದ್ದು, ಅಷ್ಟೇ. ದೊಡ್ಡ ಬ್ಯಾಟರಿಯಲ್ಲಿ 80 ಪರ್ಸೆಂಟ್ ಚಾರ್ಜ್ ಇತ್ತು. ಸತ್ತಿದ್ದು 12 ವೋಲ್ಟ್‌ನ ಸಣ್ಣ ಬ್ಯಾಟರಿ. ಮಲ್ಟಿಮೀಟರ್ ಇಟ್ಟರೆ 9 ಚಿಲ್ಲರೆ ವೋಲ್ಟ್ ತೋರಿಸಿತು. ಅಪ್‌ಡೇಟ್ ನಡೆಯುವಾಗ ನಮ್ಮ ಮಾಡೆಲ್‌ನಲ್ಲಿ ದೊಡ್ಡ ಬ್ಯಾಟರಿ ಸಂಪರ್ಕ ಕಡಿದುಕೊಂಡಿರುತ್ತೆ. ಸ್ಕ್ರೀನು, ಕಂಟ್ರೋಲರು, ಎಲ್ಲಾ ಆ ಸಣ್ಣದರ ಮೇಲೇ ನಡೀಬೇಕು. ಅದಕ್ಕೆ ಮೂರು ಬೇಸಿಗೆ ಆಗಿತ್ತು. ಬಳ್ಳಾರಿ ಬಿಸಿಲಿಗೆ ಅದು ಎರಡೂವರೆ ವರ್ಷಕ್ಕಿಂತ ಜಾಸ್ತಿ ಬಾಳಲ್ಲ ಅನ್ನೋದು ನನ್ನ ಲೆಕ್ಕ.

ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಎಬ್ಬಿಸಿದೆ. ಗಾಡಿ ಎದ್ದಿತು, ಆದರೆ ಡ್ರೈವ್‌ಗೆ ಬೀಳಲಿಲ್ಲ. ಅಪ್‌ಡೇಟ್ ಅರ್ಧಕ್ಕೆ ನಿಂತು ಒಂದು ಕಂಟ್ರೋಲರ್ ಮಾತು ಕೇಳದ ಹಾಗೆ ಆಗಿತ್ತು. ಗಾಡಿ ಹೊತ್ತೊಯ್ಯೋ ಫ್ಲಾಟ್‌ಬೆಡ್ ಲಾರಿ ಮೇಲೆ ಹೋಯಿತು, ನಾಲ್ಕು ದಿನ ಬರಲಿಲ್ಲ. ಬದಲಿ ಡೀಸೆಲ್ ಗಾಡಿಗೆ ದಿನಕ್ಕೆ 2,200ರಂತೆ ಬಾಡಿಗೆ, ಡೀಸೆಲ್ ಬೇರೆ, ಮೊದಲ ದಿನ ಲೇಟಾಗಿದ್ದಕ್ಕೆ ಗುತ್ತಿಗೆದಾರ ಕಡಿದುಕೊಂಡಿದ್ದು ಬೇರೆ. ಒಟ್ಟು 14 ಸಾವಿರದ ಹತ್ತಿರ ಹೋಯಿತು. ಹೊಸ ಸಣ್ಣ ಬ್ಯಾಟರಿಯ ಬೆಲೆ ನಾಲ್ಕೂವರೆ ಸಾವಿರ. ಎಂಟು ದಿನ ಮೊದಲು ಅದನ್ನು ಹಾಕಿದ್ದರೆ ಏನೂ ಆಗುತ್ತಿರಲಿಲ್ಲ.

ಎರಡನೇ ಸಲ ಓಬಿಡಿ ಡಾಂಗಲ್ (ಗಾಡಿಯ ಒಳಗಿನ ಲೆಕ್ಕ ಓದೋಕೆ ಸಾಕೆಟ್ಟಿಗೆ ಚುಚ್ಚೋ ಸಣ್ಣ ಸಾಧನ) ಕಾರಣ. ಸೆಲ್ ವೋಲ್ಟೇಜ್ ನೋಡೋಕೆ ಅಂತ 900 ರೂಪಾಯಿಯ ಒಂದು ಡಾಂಗಲ್ ಯಾವಾಗಲೂ ಚುಚ್ಚಿಯೇ ಇಟ್ಟಿದ್ದೆ. ಅಪ್‌ಡೇಟ್ ಎರಡು ಸಲ ಫೇಲ್ ಆಯಿತು. ಕಿತ್ತು ಹಾಕಿ ಒತ್ತಿದೆ, ಮೂರನೇ ಸಲ ಸಲೀಸಾಗಿ ಮುಗಿಯಿತು. ಅರ್ಧ ದಿನ ದಂಡ. ಮೂರನೇ ಸಲ ಅಪ್‌ಡೇಟ್ ಚೆನ್ನಾಗಿಯೇ ಮುಗಿದಿತ್ತು. ಆದರೆ ಚಾರ್ಜಿಂಗ್ ಟೈಮರ್ ಸೆಟ್ಟಿಂಗ್ ಬದಲಾಗಿತ್ತು. ಚಾರ್ಜಿಂಗ್ ಗನ್ ಚುಚ್ಚಿದ್ದೆವು, ಲೈಟೂ ಇತ್ತು, ಬೆಳಗ್ಗೆ ನೋಡಿದರೆ 31 ಪರ್ಸೆಂಟ್. ಈಗ ಅಪ್‌ಡೇಟ್ ಆದ ಮೇಲೆ ಮೊದಲು ಟೈಮರ್, ಚಾರ್ಜ್ ಲಿಮಿಟ್, ರೀಜನ್ ಲೆವೆಲ್ (ಗಾಡಿ ನಿಧಾನ ಆಗುವಾಗ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸೋ ಮಟ್ಟ), ಈ ಮೂರು ನೋಡದೆ ಯಾರೂ ಮಲಗೋ ಹಾಗಿಲ್ಲ.

ಆದರೆ ನನ್ನ ಕಣ್ಣು ತೆರೆಸಿದ್ದು ಈ ಮೂರೂ ಅಲ್ಲ. ಆ ವರ್ಷ ಮಳೆಗಾಲದಲ್ಲಿ ಒಂದು ಭಾನುವಾರ ನಾಲ್ಕೂ ಗಾಡಿಗೆ ಒಟ್ಟಿಗೆ ಅಪ್‌ಡೇಟ್ ಮಾಡಿಬಿಟ್ಟೆ. ಸೋಮವಾರ ಫುಲ್ ಚಾರ್ಜ್‌ನಲ್ಲಿ ಡ್ಯಾಶ್ ಮೇಲೆ 262 ಕಿಲೋಮೀಟರ್ ಇರುತ್ತಿದ್ದ ರೇಂಜ್ 228ಕ್ಕೆ ಇಳಿದಿತ್ತು. ನಾಲ್ಕರಲ್ಲೂ. ಡ್ರೈವರ್‌ಗಳಿಗೆ ಜೀವ ಹೋದಂತಾಯಿತು. "ಬ್ಯಾಟರಿ ತಿಂದುಬಿಟ್ರು ಅಣ್ಣಾ" ಅಂದರು. ನನಗೂ ಹಾಗೇ ಅನಿಸಿತು. ದಾರಿಯಲ್ಲಿ ನಿಂತುಬಿಡುತ್ತೆ ಅನ್ನೋ ಹೆದರಿಕೆಗೆ ಮಧ್ಯಾಹ್ನ ಎಲ್ಲರೂ ಹೊರಗಿನ ಡಿಸಿ ಚಾರ್ಜರಿಗೆ (ಬೇಗ ತುಂಬಿಸೋ ಚಾರ್ಜರ್) ಹೋಗೋಕೆ ಶುರು ಮಾಡಿದರು. ಅಲ್ಲಿ ಟ್ಯಾಕ್ಸ್ ಸೇರಿ ಯೂನಿಟ್ಟಿಗೆ 20ರ ಮೇಲೆ. ನಮ್ಮ ಶೆಡ್ ಮೀಟರಿನಲ್ಲಿ 8ರ ಆಸುಪಾಸು. ಇಪ್ಪತ್ತು ದಿನದಲ್ಲಿ 8 ಸಾವಿರ ಸುಮ್ನೆ ಹೋಯಿತು. ಚಾರ್ಜರ್ ಹತ್ತಿರ ಕಾದ ಹೊತ್ತು ಬೇರೆ.

ಆಮೇಲೆ ಒಂದು ದಿನ ಮೂರನೇ ಗಾಡಿಯನ್ನು ನಾನೇ ತೊಗೊಂಡು 100ರಿಂದ 5 ಪರ್ಸೆಂಟ್‌ವರೆಗೆ ಓಡಿಸಿದೆ. ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ವಾಪಸ್, ಮತ್ತೆ ತೋರಣಗಲ್ಲು, ವಾಪಸ್. ಸುಮಾರು 215 ಬಂತು. ಅಪ್‌ಡೇಟ್‌ಗೆ ಮುಂಚೆಯೂ ಅಷ್ಟೇ ಬರುತ್ತಿತ್ತು! ಹಳೇ ಟ್ರಿಪ್ ಚೀಟಿಗಳನ್ನು ಹುಡುಕಿ ನೋಡಿದೆ. 262 ಅನ್ನೋ ಸಂಖ್ಯೆಯನ್ನು ನಮ್ಮ ಗಾಡಿ ಒಂದು ದಿನವೂ ಓಡಿ ತೋರಿಸಿರಲಿಲ್ಲ. ಹೊಸ ಸಾಫ್ಟ್‌ವೇರ್ ನಮ್ಮ ನಿಜವಾದ ಓಟ ನೋಡಿ ಲೆಕ್ಕ ಹಾಕುತ್ತಿತ್ತು, ಅಷ್ಟೇ. ಬ್ಯಾಟರಿಯನ್ನು ಯಾರೂ ತಿಂದಿರಲಿಲ್ಲ. ಏನು ಬದಲಾಗಿದೆ ಅಂತ ಎರಡು ಸಾಲು ಕನ್ನಡದಲ್ಲಿ ಬರೆದು ಕಳಿಸಿದ್ದರೆ ನನ್ನ 8 ಸಾವಿರ ಉಳಿಯುತ್ತಿತ್ತು. ಬಂದ ಮೆಸೇಜಿನಲ್ಲಿ ಇದ್ದಿದ್ದು 'ಸುಧಾರಣೆಗಳು ಮತ್ತು ದೋಷ ಪರಿಹಾರ' ಅನ್ನೋ ಅರ್ಥದ ಒಂದೇ ಒಂದು ಇಂಗ್ಲಿಷ್ ಸಾಲು.

ಅವತ್ತೇ ಡ್ಯಾಶ್ ಮೇಲಿನ ಸಂಖ್ಯೆ ನಂಬೋದು ಬಿಟ್ಟೆ. ಪ್ರತಿ ಚಾರ್ಜರಿಗೂ ಗೋಡೆ ಮೇಲೆ ಒಂದೊಂದು ಸಬ್ ಮೀಟರ್ ಹಾಕಿಸಿದೆ, ವೈರಿಂಗ್ ಸೇರಿ ಒಂದಕ್ಕೆ ಸುಮಾರು 1,400. ನನ್ನ ಅಳತೆ ಈಗ ಒಂದೇ: 100 ಕಿಲೋಮೀಟರ್‌ಗೆ ಗೋಡೆ ಮೀಟರಿನಲ್ಲಿ ಎಷ್ಟು ಯೂನಿಟ್? ಡಿಸೆಂಬರ್‌ನಲ್ಲಿ ಹದಿಮೂರೂವರೆ, ಮೇ ತಿಂಗಳಲ್ಲಿ ಎಸಿ ಹಾಕಿಕೊಂಡು 16, ವರ್ಷದ ಸರಾಸರಿ ಹದಿನಾಲ್ಕೂವರೆ ಹದಿನೈದು. ಕಾರು ತೋರಿಸೋದಕ್ಕಿಂತ ಇದು ಹತ್ತು ಹನ್ನೆರಡು ಪರ್ಸೆಂಟ್ ಜಾಸ್ತಿ ಇರುತ್ತೆ, ಚಾರ್ಜಿಂಗ್‌ನಲ್ಲಿ ಹೋಗೋದೂ ಸೇರುತ್ತಲ್ವಾ. ಬಿಲ್ ಕಟ್ಟೋದು ಗೋಡೆ ಮೀಟರಿಗೆ, ಹಾಗಾಗಿ ನನ್ನ ಲೆಕ್ಕವೂ ಅಲ್ಲಿಂದಲೇ.

ಈಗ ಅಪ್‌ಡೇಟ್ ಬಂದರೆ ಮೂರನೇ ಗಾಡಿ ಮಾತ್ರ ಮುಂದೆ ಹೋಗುತ್ತೆ. ಅದರ ಡ್ರೈವರ್ ಹಿರಿಯರು, ಕಾಲು ಒಂದೇ ಹದ. ಅವರ ಲೆಕ್ಕದಲ್ಲಿ ಏರಿಳಿತ ಕಡಿಮೆ. ಬೇರೆ ಮೂರು ಗಾಡಿ 21 ದಿನ ಕಾಯುತ್ತವೆ. ಮೊದಲು 14 ದಿನ ಇಟ್ಟಿದ್ದೆ, ಸಾಕಾಗಲಿಲ್ಲ. ಕೆಲವು ತೊಂದರೆ ಕಾಣಿಸಿಕೊಳ್ಳೋದೇ ಎರಡು ವಾರ ಆದ ಮೇಲೆ. ಅಪ್‌ಡೇಟ್‌ನ ಹಿಂದಿನ ರಾತ್ರಿ 100 ಪರ್ಸೆಂಟ್ ತುಂಬಿಸಿ ಎರಡು ತಾಸು ನಿಲ್ಲಿಸುತ್ತೇವೆ. ಎಲ್‌ಎಫ್‌ಪಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಪರ್ಸೆಂಟ್ ಲೆಕ್ಕವೇ ತಪ್ಪಿರುತ್ತೆ, ಬಯ್ಯೋದು ಅಪ್‌ಡೇಟ್‌ಗೆ. ಗಾಡಿ ಸುಮ್ಮನೆ ನಿಂತಿದ್ದಾಗ ಸಣ್ಣ ಬ್ಯಾಟರಿ 12.6 ವೋಲ್ಟ್ ಇರಬೇಕು. 12.4ಕ್ಕಿಂತ ಕೆಳಗಿದ್ದರೆ ಅವತ್ತು ಅಪ್‌ಡೇಟ್ ಇಲ್ಲ. ಇದ್ದರೂ 2,600 ಕೊಟ್ಟು ತಂದ ಸಣ್ಣ ಚಾರ್ಜರ್ ಒಂದನ್ನು ಅದಕ್ಕೆ ಹಚ್ಚಿಯೇ ಒತ್ತೋದು. ನೆಗೆಟಿವ್ ಕ್ಲಿಪ್ ಬ್ಯಾಟರಿ ತಲೆಗಲ್ಲ, ಗಾಡಿ ಬಾಡಿಯ ಲೋಹಕ್ಕೆ. ಡಾಂಗಲ್ ಹೊರಗೆ. ಗಾಡಿ ತಗಡಿನ ಶೆಡ್ಡಿನ ಒಳಗೆ ಬೇಡ, ಅಲ್ಲಿ ಸಿಗ್ನಲ್ ಒಂದೇ ಕಡ್ಡಿ. ಇಪ್ಪತ್ತು ಅಡಿ ಆಚೆ ಬೇವಿನ ಮರದ ಕೆಳಗೆ ನಿಲ್ಲಿಸಿದರೆ ನಾಲ್ಕು ಕಡ್ಡಿ. ಒಳಗೆ ಎರಡು ತಾಸು ಹಿಡಿದಿದ್ದ ಡೌನ್‌ಲೋಡ್ ಮರದ ಕೆಳಗೆ ಇಪ್ಪತ್ತೈದು ನಿಮಿಷಕ್ಕೆ ಮುಗಿದಿದೆ.

ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಮಾಡೋ ಅಪ್‌ಡೇಟ್ ಇದ್ದರೆ ಹಳೇ ವರ್ಷನ್ ನಂಬರ್, ಹೊಸ ವರ್ಷನ್ ನಂಬರ್ ಎರಡೂ ಜಾಬ್ ಕಾರ್ಡ್ ಮೇಲೆ ಬರೆಸಿಕೊಳ್ಳಿ. ಮೊದಲ ಸಲ ಕೇಳಿದಾಗ ನನ್ನ ಮುಖ ನೋಡಿದ್ದರು. ಈಗ ನಾನು ಒಳಗೆ ಹೋದರೆ ಅವರೇ ಪೆನ್ನು ಹುಡುಕುತ್ತಾರೆ.

ಒಂದು ಮಾತು ಇಲ್ಲೇ ಹೇಳಬೇಕು. ಬ್ರೇಕು, ಏರ್‌ಬ್ಯಾಗು, ಬ್ಯಾಟರಿಗೆ ಬೆಂಕಿ, ಇಂಥ ಸುರಕ್ಷತೆಯ ಅಪ್‌ಡೇಟ್ ಅಂತ ಕಂಪನಿ ಹೇಳಿದರೆ 21 ದಿನದ ಮಾತೇ ಇಲ್ಲ. ಸಣ್ಣ ಬ್ಯಾಟರಿ ನೋಡಿಕೊಂಡು ಅದೇ ದಿನ ಮಾಡಿ. ನನ್ನ ಗಾಡಿಯಲ್ಲಿ ಕೂರೋರು ರಾತ್ರಿ ಪಾಳಿ ಮುಗಿಸಿ ನಿದ್ದೆ ಮಾಡುತ್ತಾ ಮನೆಗೆ ಹೋಗೋ ಜನ. ಅವರ ಜೀವದ ವಿಷಯದಲ್ಲಿ ಪ್ರಯೋಗ ಬೇಡ.

ಪದ್ಧತಿ ನಿಜವಾಗಿ ಕೈ ಹಿಡಿದಿದ್ದು ಹೋದ ಮೇ ತಿಂಗಳಲ್ಲಿ. ಒಂದು ಅಪ್‌ಡೇಟ್ ಆದ ಮೇಲೆ ಮೂರನೇ ಗಾಡಿ ಮಧ್ಯಾಹ್ನ ಡಿಸಿ ಚಾರ್ಜಿಂಗ್‌ನಲ್ಲಿ 10ರಿಂದ 80ಕ್ಕೆ 75 ನಿಮಿಷ ತೊಗೊಳ್ಳೋಕೆ ಶುರು ಮಾಡಿತು. ಮುಂಚೆ 55 ಇತ್ತು. ಸರ್ವಿಸ್ ಸೆಂಟರಿನವರು, "ಬಿಸಿಲು ಸರ್, ಅಪ್‌ಡೇಟ್‌ನಿಂದ ಹಂಗೇನೂ ಆಗಲ್ಲ" ಅಂದರು. ಹೊರಗೆ 42 ಡಿಗ್ರಿ ಇತ್ತು, ಅವರ ಮಾತೂ ತೆಗೆದುಹಾಕೋ ಹಾಗಿರಲಿಲ್ಲ. ಆದರೆ ನನ್ನ ಹತ್ತಿರ ಹಳೇ ಸಾಫ್ಟ್‌ವೇರ್ ಇದ್ದ ಮೂರು ಗಾಡಿ ಇದ್ದವಲ್ಲ! ಮೊದಲನೇ ಗಾಡಿಯನ್ನೂ ಅದೇ ಚಾರ್ಜರಿಗೆ ಕರೆದುಕೊಂಡು ಹೋದೆ. ಮೊದಲ ದಿನದ ಪರೀಕ್ಷೆ ಹಾಳಾಯಿತು, ಯಾಕಂದ್ರೆ ಎರಡೂ ಗನ್‌ಗೆ ಒಟ್ಟಿಗೆ ಹಾಕಿದೆ, ಚಾರ್ಜರ್ ಪವರ್ ಹಂಚಿಬಿಟ್ಟಿತು. ಎರಡನೇ ದಿನ ಒಂದಾದ ಮೇಲೆ ಒಂದು. ಮೂರನೇ ದಿನ ಸರದಿ ಅದಲುಬದಲು, ಹಿಂದೆ ಬಂದ ಗಾಡಿಗೆ ಬಿಸಿಲು ಜಾಸ್ತಿ ಅನ್ನೋ ಮಾತು ಬರಬಾರದು ಅಂತ. ಎರಡೂ ದಿನ ಹಳೇ ಸಾಫ್ಟ್‌ವೇರ್‌ನದು 60 ನಿಮಿಷದ ಒಳಗೆ, ಹೊಸದು 75ರ ಹತ್ತಿರ. ಫೋಟೋ, ಚಾರ್ಜರ್ ಬಿಲ್, ನೋಟ್‌ಬುಕ್ಕಿನ ಎರಡು ಹಾಳೆ ತೊಗೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಈ ಸಲ ಬಿಸಿಲಿನ ಮಾತು ಬರಲಿಲ್ಲ. ಮ್ಯಾನೇಜರ್ ಹಾಳೆಗಳ ಫೋಟೋ ತೆಗೆದು ಮೇಲಕ್ಕೆ ಕಳಿಸಿದರು. ಎರಡು ತಿಂಗಳ ನಂತರ ಬಂದ ವರ್ಷನ್‌ನಲ್ಲಿ 60ಕ್ಕೆ ವಾಪಸ್ ಬಂತು. ಅಷ್ಟು ದಿನ ನನ್ನ ಮೂರು ಗಾಡಿ ಹಳೇ ಸಾಫ್ಟ್‌ವೇರ್ ಮೇಲೇ ಓಡಿದವು. ಗಾಡಿಗೆ ದಿನಕ್ಕೆ 15-20 ನಿಮಿಷ ಉಳಿದರೆ ಸಂಜೆ ಇನ್ನೊಂದು ವಿಮಾನ ನಿಲ್ದಾಣದ ಟ್ರಿಪ್ ಸಿಗುತ್ತೆ. ಆ ಎರಡು ತಿಂಗಳಲ್ಲಿ ಕಮ್ಮಿ ಅಂದರೂ 20 ಸಾವಿರ ಉಳಿಸಿಕೊಂಡೆ.

ಇನ್ನು ಅಪ್‌ಡೇಟ್‌ನಿಂದ ಮಾಲೀಕರು ಏನು ನಿರೀಕ್ಷೆ ಇಟ್ಟುಕೊಳ್ಳಬೇಕು ಅನ್ನೋ ವಿಷಯ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮೊದಲು ಅವನು ಹೇಳಿದ್ದು 2018ರ ಕಥೆ. ಟೆಸ್ಲಾ ಮಾಡೆಲ್ 3 ಬ್ರೇಕ್ ಒತ್ತಿದರೆ ತುಂಬಾ ದೂರ ಹೋಗಿ ನಿಲ್ಲುತ್ತೆ ಅಂತ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಬರೆದಾಗ, ಕೆಲವೇ ದಿನದಲ್ಲಿ ಅಪ್‌ಡೇಟ್ ಕಳಿಸಿ ಆ ದೂರವನ್ನು ಸುಮಾರು 19 ಅಡಿ ಕಡಿಮೆ ಮಾಡಿದರಂತೆ. ಅದನ್ನು ಕೇಳಿ ನಾವೂ ಪ್ರತಿ ಅಪ್‌ಡೇಟ್‌ನಲ್ಲಿ ಏನೋ ಸಿಗುತ್ತೆ ಅಂತ ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಆಮೇಲೆ ಅವನೇ ಇನ್ನೊಂದು ಕಥೆ ಹೇಳಿದ. 2019ರಲ್ಲಿ ಅದೇ ಕಂಪನಿ ಕೆಲವು ಮಾಡೆಲ್ ಎಸ್ ಕಾರುಗಳ ಬ್ಯಾಟರಿ ವೋಲ್ಟೇಜನ್ನು ಅಪ್‌ಡೇಟ್‌ನಲ್ಲೇ ಇಳಿಸಿತು, ರೇಂಜ್ ಕಡಿಮೆಯಾಯಿತು. ಮಾಲೀಕರು ಕೋರ್ಟಿಗೆ ಹೋದರು. 2021ರಲ್ಲಿ 15 ಲಕ್ಷ ಡಾಲರ್‌ಗೆ ರಾಜಿಯಾಯಿತು, 1,743 ಕಾರಿಗೆ ತಲಾ 625 ಡಾಲರ್. ಕೊಡೋ ಕೈಗೆ ಕಿತ್ತುಕೊಳ್ಳೋಕೂ ಬರುತ್ತೆ. ಅದಕ್ಕೇ ನಾನು ಕಂಪನಿಯಿಂದ ಹೊಸ ಸೌಲಭ್ಯ ಕೇಳೋದು ಬಿಟ್ಟಿದ್ದೇನೆ. ಏನು ಬದಲಾಯಿಸಿದ್ದೀರಿ ಅಂತ ಬರವಣಿಗೆಯಲ್ಲಿ ಕೊಡಿ, ಅಷ್ಟನ್ನೇ ಕೇಳುತ್ತೇನೆ. ಎಲ್ಲಾ ಮಾಲೀಕರೂ ಅದನ್ನೇ ಕೇಳಬೇಕು.

ನಡುವೆ ಬೇರೆ ಪ್ರಯೋಗಗಳೂ ಆದವು. ಒದ್ದೆ ಗೋಣಿಚೀಲವನ್ನು ಚಾರ್ಜಿಂಗ್ ಜಾಗದ ಮೇಲೆ ಪರದೆ ಹಾಗೆ ಕಟ್ಟಿಸಿದೆ. ಸಣ್ಣ ಬ್ಯಾಟರಿಯ ಮೈ ಬಿಸಿ 51ರಿಂದ 44 ಡಿಗ್ರಿಗೆ ಇಳಿಯಿತು, ಆದರೆ ನೀರು ಹಾಕೋಕೆ ಒಬ್ಬ ಆಳು ಬೇಕು, ಕರೆಂಟ್ ಪಕ್ಕದಲ್ಲೇ ನೀರು ತೊಟ್ಟಿಕ್ಕೋದು ನೋಡಿ ನನಗೇ ಭಯ. ವಾರಕ್ಕೆ ಬಿಚ್ಚಿಸಿದೆ, ಬೇವಿನ ಮರವೇ ಸಾಕು. ಸಂಡೂರು ರಸ್ತೆಯ ಅದಿರು ಧೂಳು ಮುಂದಿನ ಗ್ರಿಲ್ಲಿಗೆ ಕೂತಾಗ ಯೂನಿಟ್ ಜಾಸ್ತಿ ಆಗುತ್ತಾ ಅಂತಲೂ ತಿಂಗಳು ನೋಡಿದೆ. ಮೀಟರಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ತೊಳೆದ ಗಾಡಿಯ ಎಸಿ ಬೇಗ ತಣ್ಣಗಾಗುತ್ತೆ.

ಅರ್ಧಕ್ಕೆ ನಿಂತ ಅಪ್‌ಡೇಟನ್ನು ಫ್ಲಾಟ್‌ಬೆಡ್ ಕರೆಯದೆ ಎಬ್ಬಿಸೋ ಒಂದು ಕ್ರಮವನ್ನೂ ಕಂಡುಕೊಂಡಿದ್ದೇನೆ. ಎರಡು ಸಲ ಕೆಲಸ ಮಾಡಿದೆ. ಯಾವುದನ್ನು ಮೊದಲು ಬಿಚ್ಚಬೇಕು, ಎಷ್ಟು ನಿಮಿಷ ಕಾಯಬೇಕು ಅಂತ ಇಲ್ಲಿ ಬರೆಯಲ್ಲ. ತಪ್ಪಿ ಮಾಡಿದರೆ ವಾರಂಟಿಗೇ ಕುತ್ತು. ಬೇಕಾದವರು ಶೆಡ್ಡಿಗೆ ಬನ್ನಿ, ಗಾಡಿ ಮುಂದೆ ನಿಂತು ತೋರಿಸುತ್ತೇನೆ. ಡ್ರೈವರ್‌ಗಳಿಗೆ ನೋಟ್‌ಬುಕ್ ತಪ್ಪದೆ ಬರೆಯೋ ಹಾಗೆ ಮಾಡಿದ್ದು ಹೇಗೆ ಅನ್ನೋದೂ ಹಾಗೇ, ಎದುರು ಕೂತು ಹೇಳೋ ಮಾತು.

ಈಗ ಹೊಸ ವರ್ಷನ್ ಬಂದಿದೆ. ಮೂರನೇ ಗಾಡಿಗೆ ಇದು ಒಂಬತ್ತನೇ ದಿನ. ನಿನ್ನೆಯವರೆಗೆ 100 ಕಿಲೋಮೀಟರ್‌ಗೆ 14.8 ಯೂನಿಟ್. ಇವತ್ತು ಹೊಸಪೇಟೆಗೆ ಹೋಗಿದೆ, ರಾತ್ರಿ ಬಂದು ಗನ್ ಚುಚ್ಚಿದ ಮೇಲೆ ಮೀಟರ್ ಓದಬೇಕು.