ಸಣ್ಣ ಆಸ್ಪತ್ರೆಯ ಕಸ: ಮೊದಲು ಬಕೆಟ್, ಆಮೇಲೆ ಫೈಲು

ತಿಪಟೂರಿನ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್ ಒಂದರಲ್ಲಿ ನಾನು ಇನ್‌ಚಾರ್ಜ್ ಸಿಸ್ಟರ್. ಆಸ್ಪತ್ರೆ ಕಸದ ಜವಾಬ್ದಾರಿಯೂ ನನ್ನದೇ. ಬೇರೆ ಊರಿನ ಸಿಸ್ಟರ್‌ಗಳು ಫೋನ್ ಮಾಡಿದರೆ ಮೊದಲು ಕೇಳುವುದು ಫೈಲಿನ ಬಗ್ಗೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದರೆ ಏನೇನು ತೋರಿಸಬೇಕು ಅಂತ. ಫೈಲು ಆಮೇಲೆ ನೋಡೋಣ, ಬಕೆಟ್‌ಗಳನ್ನು ಎಲ್ಲಿಟ್ಟಿದ್ದೀರಿ ಹೇಳಿ ಅನ್ನುತ್ತೇನೆ ನಾನು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಉಳಿಯುವುದೂ ಮುರಿಯುವುದೂ ಡ್ರೆಸಿಂಗ್ ಟ್ರಾಲಿ ಪಕ್ಕದಲ್ಲೇ. ಅಲ್ಲಿ ಬೆರೆತುಹೋದ ಕಸವನ್ನು ಆಮೇಲೆ ಬೇರ್ಪಡಿಸಲು ಕೈ ಹಾಕುವವರು ನಮ್ಮ ಆಯಾಗಳು, ವಾರ್ಡ್ ಬಾಯ್‌ಗಳು. ಸೂಜಿ ಚುಚ್ಚುವುದೂ ಅವರಿಗೇ.

ಹಳದಿ, ಕೆಂಪು ಬಕೆಟ್‌ಗಳನ್ನು ರೋಗಿಯ ಮಂಚದ ಹತ್ತಿರ ಇಡಬೇಡಿ. ನೋಡಲು ಬಂದವರು ಎಳನೀರು ಬುರುಡೆ, ಇಡ್ಲಿ ಪೊಟ್ಟಣ ಎಲ್ಲಾ ಅದಕ್ಕೇ ಹಾಕುತ್ತಾರೆ. ಅವರದೇನೂ ತಪ್ಪಿಲ್ಲ, ಕಣ್ಣೆದುರು ಇರುವ ಡಬ್ಬಿ ಅದೊಂದೇ. ಆದರೆ ರಕ್ತ ಅಂಟಿದ ಹತ್ತಿಯ ಜೊತೆ ಸೇರಿದ ಬುರುಡೆಯೂ ಆಸ್ಪತ್ರೆ ಕಸವಾಗುತ್ತದೆ. ಮಂಚದ ಹತ್ತಿರ ಮಾಮೂಲಿ ಕಸದ ಡಬ್ಬಿ ಸಾಕು. ಬಣ್ಣದವು ಟ್ರಾಲಿಯ ಜೊತೆ ಹೋಗಲಿ. ಇಲ್ಲವಾದರೆ ಇಂಜೆಕ್ಷನ್ ಕೊಡುವ ಮೇಜಿನಿಂದ ಕೈಗೆಟುಕುವಷ್ಟು ಹತ್ತಿರ ಇರಲಿ. ನಾಲ್ಕು ಹೆಜ್ಜೆ ನಡೆಯಬೇಕಾದರೆ ರಾತ್ರಿ ಪಾಳಿಯಲ್ಲಿ ಯಾರೂ ನಡೆಯುವುದಿಲ್ಲ.

ಹಳದಿಗೆ ರಕ್ತ, ಕೀವು ಅಂಟಿದ ಹತ್ತಿ, ಗಾಜ್ ಬಟ್ಟೆ, ಪ್ಲಾಸ್ಟರ್, ಹೆರಿಗೆಯ ಮಾಸು, ಅವಧಿ ಮುಗಿದ ಔಷಧಿ. ಕೆಂಪಿಗೆ ಪ್ಲಾಸ್ಟಿಕ್: ಡ್ರಿಪ್ ಸೆಟ್, ಕ್ಯಾತಿಟರ್, ಯೂರಿನ್ ಬ್ಯಾಗ್, ಗ್ಲೌಸ್, ಸೂಜಿ ತೆಗೆದ ಸಿರಿಂಜ್. ಸೂಜಿ, ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ. ಗಾಜಿನ ವಯಲ್, ಆಂಪ್ಯೂಲ್‌ಗಳಿಗೆ ನೀಲಿ ಗುರುತಿನ ಗಟ್ಟಿ ಡಬ್ಬಿ.

ಗೊಂದಲ ಜಾಸ್ತಿ ಆಗುವುದು ಹಳದಿ ಮತ್ತು ಕೆಂಪಿನ ನಡುವೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಬಣ್ಣ ಬಾಯಿಪಾಠ ಮಾಡಿಸುವ ಬದಲು ಮುಂದೆ ಅದು ಎಲ್ಲಿಗೆ ಹೋಗುತ್ತದೆ ಅಂತ ಹೇಳಿ. ಹಳದಿ ಕವರ್ ಕುಲುಮೆಗೆ ಹೋಗಿ ಸುಡುತ್ತದೆ. ಕೆಂಪು ಕವರಿನದು ಆಟೋಕ್ಲೇವ್ ಆಗಿ (ಒತ್ತಡದ ಬಿಸಿ ಹಬೆಯಲ್ಲಿ ರೋಗಾಣು ಸತ್ತು), ಚೂರಾಗಿ, ಮರುಬಳಕೆಗೆ ಹೋಗುತ್ತದೆ. ಯೂರಿನ್ ಬ್ಯಾಗಿನಂಥ ಪಿವಿಸಿ, ಅಂದರೆ ಕ್ಲೋರಿನ್ ಇರುವ ಪ್ಲಾಸ್ಟಿಕ್ ವಸ್ತು, ಹಳದಿಗೆ ಬಿದ್ದು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹೊಗೆಯಲ್ಲಿ ಬರುತ್ತದೆ. ಇಷ್ಟು ಗೊತ್ತಾದ ಮೇಲೆ ಗೋಡೆಯ ಚಾರ್ಟ್ ನೋಡದೆಯೇ ಸರಿಯಾಗಿ ಹಾಕುತ್ತಾರೆ, ನಾನು ಕಂಡಿದ್ದೇನೆ. ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್ ಕವರನ್ನೇ ಕೊಳ್ಳಬೇಕು ಎಂಬ ನಿಯಮಕ್ಕೂ ಇದೇ ಕಾರಣ. ಸುಮ್ನೆ ಕಮ್ಮಿ ರೇಟಿಗೆ ಸಿಕ್ಕಿತು ಅಂತ ಯಾವುದೋ ಹಳದಿ ಕವರ್ ತರಬೇಡಿ.

ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಚುಚ್ಚುವುದು ಜಾಸ್ತಿ ಆಗಲೇ. ಹಾಕಲೇಬೇಕಾದ ಸಂದರ್ಭ ಬಂದರೆ ಮುಚ್ಚಳವನ್ನು ಟ್ರೇ ಮೇಲಿಟ್ಟು ಒಂದೇ ಕೈಯಲ್ಲಿ ಸೂಜಿಯಿಂದ ಎತ್ತಿಕೊಳ್ಳಿ. ನೀಡಲ್ ಕಟರ್ ಇಂಜೆಕ್ಷನ್ ಟ್ರೇ ಪಕ್ಕದಲ್ಲೇ ಇರಲಿ. ಕತ್ತರಿಸಿದ ಸೂಜಿ ಬಿಳಿಗೆ, ಸಿರಿಂಜ್ ಕೆಂಪಿಗೆ. ಸಿರಿಂಜಿನ ಜೊತೆಗೇ ಕೂಡಿಕೊಂಡು ಬರುವ ಸೂಜಿಯಾದರೆ ಇಡೀ ಸಿರಿಂಜ್ ಬಿಳಿಗೆ. ಕತ್ತರಿಸದ ಸಿರಿಂಜ್ ತೊಳೆದು ಮತ್ತೆ ಪ್ಯಾಕಾಗಿ ಇನ್ನೊಬ್ಬರ ತೋಳಿಗೆ ಹೋಗಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಲ್ಯಾಬಿನವರಿಗೆ ಬೇರೆಯೇ ಒಂದು ಮಾತು. ರಕ್ತದ ಸ್ಯಾಂಪಲ್, ರೋಗಾಣು ಬೆಳೆಸಿ ನೋಡುವ ಕಲ್ಚರ್ ಪ್ಲೇಟ್‌ಗಳನ್ನು ಹಾಗೆಯೇ ಕವರಿಗೆ ತುಂಬುವಂತಿಲ್ಲ. ಆಸ್ಪತ್ರೆಯಲ್ಲೇ ಆಟೋಕ್ಲೇವ್ ಮಾಡಿ ಕಳಿಸಬೇಕು. ಹಾಗಂತ ವಾರ್ಡಿನ ಹಳದಿ ಕಸಕ್ಕೆಲ್ಲಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ಸೋಂಕುನಾಶಕ ದ್ರಾವಣ) ಸುರಿಯುವುದೂ ಬೇಡ, ಸುಡುವ ಕಸಕ್ಕೆ ಮೊದಲೇ ರಾಸಾಯನಿಕ ಹಾಕಬಾರದು ಎಂದು ನಿಯಮವೇ ಹೇಳುತ್ತದೆ. ಹೈಪೋ ಬೇಕಾಗುವುದು ನೆಲದ ಮೇಲೆ ರಕ್ತ ಚೆಲ್ಲಿದಾಗ. ಬಾಟಲಿ ಮೇಲೆ 5 ಪರ್ಸೆಂಟ್ ಅಂತ ಇದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ದಿನಾ ಹೊಸದಾಗಿ ಕಲಸಿ, ನಿನ್ನೆಯದು ಬೇಡ.

ಕವರ್ ಮುಕ್ಕಾಲು ತುಂಬಿದಾಗ ಗಂಟು ಹಾಕಿ, ಲೇಬಲ್, ಬಾರ್‌ಕೋಡ್ ಅಂಟಿಸಿ. ಕಸದ ಕೋಣೆಗೆ ಬೀಗ ಇರಲಿ, ನಾಯಿ ಬೆಕ್ಕು ನುಗ್ಗಬಾರದು. ಮಾಸು, ರಕ್ತದ ಹತ್ತಿಯಂಥದ್ದು 48 ಗಂಟೆ ಮೀರಿ ಅಲ್ಲಿರುವಂತಿಲ್ಲ. ಹಬ್ಬದ ಸಾಲು ರಜೆಗೆ ಮುಂಚೆಯೇ ಕಸ ಒಯ್ಯುವ ವ್ಯಾನಿನವರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ವ್ಯಾನ್ ಬಂದಾಗ ನಿಮ್ಮ ಮುಂದೆಯೇ ಬಣ್ಣವಾರು ತೂಕ ಆಗಲಿ, ಸಹಿ ಆಗಲಿ. 75 ಕಿಲೋಮೀಟರ್ ಒಳಗೆ ಹಲವು ಆಸ್ಪತ್ರೆಗಳ ಕಸವನ್ನು ಒಟ್ಟಿಗೆ ವಿಲೇವಾರಿ ಮಾಡುವ ಸಾಮೂಹಿಕ ಸಂಸ್ಕರಣಾ ಘಟಕ ಇದ್ದರೆ ನಿಮ್ಮ ಹಿತ್ತಲಲ್ಲಿ ಸುಡುವಂತಿಲ್ಲ, ಹೂಳುವಂತಿಲ್ಲ.

ಇನ್ನು ಫೈಲು. ಮಂಡಳಿಯ ಅನುಮತಿ ಪತ್ರಕ್ಕೆ ಫಾರಂ 2ರಲ್ಲಿ ಅರ್ಜಿ. ಪ್ರತಿ ವರ್ಷ ಜೂನ್ 30ರೊಳಗೆ ಫಾರಂ 4ರಲ್ಲಿ ವಾರ್ಷಿಕ ವರದಿ. ದಾಖಲೆಗಳು 5 ವರ್ಷ ಉಳಿದಿರಬೇಕು. 30 ಹಾಸಿಗೆ ಅಥವಾ ಹೆಚ್ಚಿದ್ದರೆ ಕಸದ ಕೆಲಸ ನೋಡಿಕೊಳ್ಳಲು ಒಂದು ಸಮಿತಿ ಬೇಕು, ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಿಬ್ಬಂದಿಗೆ ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ತರಬೇತಿ. ದಿನದ ತೂಕದ ಪುಸ್ತಕ ಸರಿಯಾಗಿದ್ದರೆ ಫಾರಂ 4 ಅರ್ಧ ಮುಗಿದ ಹಾಗೆಯೇ.

ಆಯಾಗಳಿಗೂ ಹೆಪಟೈಟಿಸ್ ಬಿ ಲಸಿಕೆ ಕೊಡಿಸಲೇಬೇಕು, ಟಿಟಿ ಇಂಜೆಕ್ಷನ್ ಕೂಡ. ಬಹಳ ಕಡೆ ಡಾಕ್ಟರಿಗೆ, ಸಿಸ್ಟರಿಗೆ ಆಗಿರುತ್ತದೆ, ಕಸ ಹೊರುವವರಿಗೆ ಆಗಿರುವುದಿಲ್ಲ. ಇದು ನನಗೆ ಸಹಿಸಲಾಗದ ವಿಷಯ. ಲಸಿಕೆ 0, 1 ಮತ್ತು 6ನೇ ತಿಂಗಳಿಗೆ, ಮೂರು ಡೋಸ್. ಮೂರನೆಯದು ಮರೆತುಹೋಗುತ್ತದೆ, ಅದಕ್ಕೆ ತಾರೀಕು ಬರೆದ ಪಟ್ಟಿ ಇರಲಿ.

ಯಾರಿಗಾದರೂ ಸೂಜಿ ಚುಚ್ಚಿದರೆ ಸೋಪು, ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬೆರಳು ಬಾಯಿಗೆ ಇಡಬೇಡಿ. ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಆ ಮಾತ್ರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಇವತ್ತೇ ವಿಚಾರಿಸಿ, ನಂಬರನ್ನು ನರ್ಸಿಂಗ್ ಸ್ಟೇಷನ್ ಗೋಡೆಗೆ ಅಂಟಿಸಿ. ಚುಚ್ಚಿಸಿಕೊಂಡವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಅಪಘಾತದ ಪುಸ್ತಕದಲ್ಲಿ ಬರೆಯಿರಿ, ಅದು ಫಾರಂ 4ಕ್ಕೂ ಹೋಗಬೇಕು.